ಎರಡೂ ತಟ್ಟೆಯಲ್ಲಿ ಕಲ್ಲು

ಆ ದಿನ ಮಠದ ಉಗ್ರಾಣದ ಬಾಗಿಲು ಎಂದಿನ ಹೊತ್ತಿಗಿಂತ ಮುಂಚೆಯೇ ತೆರೆಯಿತು. ಅಡುಗೆಯ ಕಾಶವ್ವ ನನ್ನ ಒಂದು ತಟ್ಟೆಯಲ್ಲಿ ಐದು ಕಿಲೋದ ಕಲ್ಲು ಇಟ್ಟು, ಇನ್ನೊಂದರಲ್ಲಿ ಅಕ್ಕಿ ಸುರಿಯುತ್ತಿದ್ದಳು. ಉಗ್ರಾಣ ನೋಡಿಕೊಳ್ಳುವ ಸಿದ್ಧಲಿಂಗಯ್ಯನವರು ಒಳಗೆ ಬಂದು ನಿಂತರು.

"ಕಾಶವ್ವಾ, ಇವತ್ತು ಅಕ್ಕಿ ಕಡಿಮಿ ಹಾಕು. ಊಟಕ್ಕ ಮಂದಿ ಬರೂದಿಲ್ಲ. ಎಲ್ಲಾರೂ ಗುರುಸಂಗಪ್ಪನವರ ಮನಿ ಕಡೆ ಹೊಂಟಾರ."

"ಯಾಕ್ರಿ ಅಯ್ಯನವರ? ಮನ್ಯಾಗ ಏನರ ಕಾರ್ಯ ಐತೇನು?"

"ಬೆಳಿಗ್ಗೆ ಲಿಂಗೈಕ್ಯ ಆದ್ರಂತ."

"ಯಾವ ಗುರುಸಂಗಪ್ಪನವರ್ರಿ?"

"ಈ ತಕ್ಕಡಿ ಕೊಟ್ಟವರು."

ಕಾಶವ್ವ ಮುಷ್ಟಿಯಲ್ಲಿದ್ದ ಅಕ್ಕಿಯನ್ನು ತಟ್ಟೆಗೆ ಹಾಕಲೂ ಇಲ್ಲ, ಚೀಲಕ್ಕೆ ಮರಳಿಸಲೂ ಇಲ್ಲ. ನನ್ನ ಮುಳ್ಳು ಒಂದು ಕಡೆ ವಾಲಿಕೊಂಡೇ ನಿಂತಿತು. ನನಗೆ ಏನೂ ತಿಳಿಯಲಿಲ್ಲ. ಮೊನ್ನೆ ಸೋಮವಾರ ಮಠಕ್ಕೆ ಬಂದವರು ಉಗ್ರಾಣದ ಹೊಸ್ತಿಲ ಮೇಲೆ ನಿಂತು ನನ್ನನ್ನು ನೋಡಿ ಹೋಗಿದ್ದರು. ಹೀಗೆ ಬಂದು ಹೋದ ಮನುಷ್ಯ ಇಲ್ಲವೆಂದರೆ ಹೇಗೆ? ಅಕ್ಕಿ ಇಳಿಸಿದರೆ ತಟ್ಟೆ ಮೇಲೆ ಬರುತ್ತದೆ, ಹಾಕಿದರೆ ಕೆಳಗೆ ಹೋಗುತ್ತದೆ. ನನಗೆ ಗೊತ್ತಿರುವ ಲೋಕದ ವ್ಯವಹಾರ ಇಷ್ಟೇ. ಇದು ಯಾವ ತಟ್ಟೆಯ ಮಾತು ಎಂದು ಅರ್ಥವಾಗದೆ ತೂಗಾಡಿದೆನು.

ನಾನು ಒಂದು ತಕ್ಕಡಿ. ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ಕಂಬಾರ ಮೌನೇಶಪ್ಪನ ಕುಲುಮೆಯಲ್ಲಿ. ಅವನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಡಿದು ನನ್ನ ದಂಡವನ್ನು ಮಾಡಿದನು. ನಡುವೆ ಮುಳ್ಳು ಕೂಡಿಸಿದನು. ಎರಡು ಹಿತ್ತಾಳೆಯ ತಟ್ಟೆಗಳನ್ನು ಸರಪಳಿಯಿಂದ ತೂಗುಹಾಕಿದನು. ಬಲಗಡೆ ಭಾರವೆನಿಸಿದರೆ ಬಲಗಡೆ ಅರದಿಂದ ತಿಕ್ಕುವನು, ಎಡಗಡೆ ಭಾರವೆನಿಸಿದರೆ ಎಡಗಡೆ. ಬಹಳ ಹೊತ್ತು ತಿಕ್ಕಿದ ಮೇಲೆ ತಟ್ಟೆಗಳನ್ನು ಅದಲು ಬದಲು ಮಾಡಿ ನೋಡಿದನು. ಆಗಲೂ ಮುಳ್ಳು ನೆಟ್ಟಗೆ ನಿಂತಿತು. ಆಮೇಲೆ ಸರಕಾರದವರು ನನ್ನ ದಂಡದ ಮೇಲೆ ಮುದ್ರೆ ಒತ್ತಿದರು.

ನನಗೆ ಎಣಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಕಿಲೋ, ಅರ್ಧ ಕಿಲೋ ಎಂಬುವೆಲ್ಲ ಮನುಷ್ಯರ ಮಾತು. ಈ ಕಡೆಯದೂ ಆ ಕಡೆಯದೂ ಸಮವೋ ಅಲ್ಲವೋ, ಅಷ್ಟೇ ನನ್ನ ವಿದ್ಯೆ. ಆದ್ದರಿಂದ ಮುಂದೆ ನಾನು ಹೇಳುವ ಲೆಕ್ಕಗಳನ್ನು ನಾನು ತಿಳಿದು ಹೇಳುತ್ತಿದ್ದೇನೆಂದು ಭಾವಿಸಬಾರದು. ಕೇಳಿ ಕೇಳಿ ಬಾಯಿಗೆ ಬಂದಿವೆ, ತಲೆಗೆ ಬಂದಿಲ್ಲ.

ಗುರುಸಂಗಪ್ಪ ಹೊಂಬಳ ಎಂಬ ಕಿರಾಣಿ ಅಂಗಡಿಯವರು ನನ್ನನ್ನು ಕೊಂಡು ತಂದರು. ಅಂಗಡಿ ಮನೆಗೆ ಹೊಂದಿಕೊಂಡೇ ಇತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಧರಿಸಿ ಬಂದವರು ಮೊದಲು ನನ್ನ ದಂಡಕ್ಕೂ ಮೂರು ಬೆರಳಿನ ವಿಭೂತಿ ಹಚ್ಚುತ್ತಿದ್ದರು. ಮೆತ್ತಗಿನ ಮನುಷ್ಯ. ತೂಗುವ ಕೈ ಚೆನ್ನಾಗಿತ್ತು; ಲೆಕ್ಕ ಮಾತ್ರ ನಿಧಾನ. ಅದಕ್ಕಾಗಿ ಲೆಕ್ಕವೆಲ್ಲ ಹೆಂಡತಿ ನೀಲಗಂಗವ್ವನದು. ಆಕೆ ಚಿಕ್ಕವಳಿದ್ದಾಗ ಹಳ್ಳಿಯ ಗಾವಠಿ ಶಾಲೆಯಲ್ಲಿ ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನು ಬಾಯಿಪಾಠ ಮಾಡಿದ್ದಳು. ಒಳಗೆ ರೊಟ್ಟಿ ಬಡಿಯುತ್ತಲೇ ಹೊರಗಿನ ಲೆಕ್ಕ ಹೇಳುವಳು. ಗಂಡ ತಪ್ಪಿದರೆ ರೊಟ್ಟಿಯ ಸಪ್ಪಳ ನಿಲ್ಲುತ್ತಿತ್ತು.

"ಏನ್ರೀ, ಏಳು ಮುಕ್ಕಾಲಲೆ ಐದು ಅಂದ್ರೆಲ್ಲ, ಕಾಲು ಎಲ್ಲಿ ನುಂಗಿದ್ರಿ?"

"ನುಂಗಿಲ್ಲ ಮಾರಾಯ್ತಿ, ಬಾಯಾಗ ಉಳದದ."

"ಉಗುಳ್ರಿ ಹಂಗಾರ."

ಗಿರಾಕಿಗಳು ನಗುತ್ತಿದ್ದರು. ಅವರೂ ನಗುತ್ತಿದ್ದರು. ಹಾಗೆ ಎಷ್ಟೋ ವರ್ಷ ನಡೆಯಿತು. ಮಕ್ಕಳಾಗಲಿಲ್ಲ. ಆ ಮಾತನ್ನು ಅವರು ಅಂಗಡಿಯಲ್ಲಿ ಆಡಲಿಲ್ಲ. ಆದ್ದರಿಂದ ನನಗೆ ಹೆಚ್ಚು ತಿಳಿಯದು.

ಒಂದು ಬೆಳಿಗ್ಗೆ ರೊಟ್ಟಿಯ ಸಪ್ಪಳ ನಡುವೆಯೇ ನಿಂತಿತು. ಗುರುಸಂಗಪ್ಪನವರು ತಾವು ಲೆಕ್ಕ ತಪ್ಪಿರಬೇಕೆಂದು ತಿಳಿದು, "ಏನ ತಪ್ಪಿದೆ ಹೇಳು," ಎಂದರು. ಉತ್ತರ ಬರಲಿಲ್ಲ. ಒಳಗೆ ಓಡಿದರು. ಮಂದಿ ಸೇರಿದರು. ಆಕೆಯನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದರು. ಅಂಗಡಿ ಮುಚ್ಚಿತು. ಕತ್ತಲೆಯಲ್ಲಿ ನನ್ನ ತಟ್ಟೆಯ ಮೇಲೆ ಇಲಿ ಓಡಾಡಿತು.

ನೀಲಗಂಗವ್ವ ಮರಳಿ ಬಂದಾಗ ಬಲಗೈ ಸೋತಿತ್ತು, ಮಾತು ಹೋಗಿತ್ತು. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು, ದಿನಾಲು ಮಾತಾಡಿಸುತ್ತ ಇರಿ ಎಂದು ವೈದ್ಯರು ಹೇಳಿದ್ದರಂತೆ. ಗುರುಸಂಗಪ್ಪನವರು ಆಕೆಯನ್ನು ಅಂಗಡಿಯಲ್ಲಿ ನನ್ನ ಎದುರಿಗೇ ಕುರ್ಚಿ ಹಾಕಿ ಕೂಡಿಸಿದರು. ಸಕ್ಕರೆಯನ್ನು ಅಂಗೈಯಲ್ಲಿ ಹಿಡಿದು, "ಇದು ಸಕ್ಕರಿ. ನೀಲಾ, ಸಕ್ಕರಿ ಅನ್ನು," ಎನ್ನುವರು. ಆಕೆ ಮುಖ ತಿರುಗಿಸುವಳು. "ಓಂ ನಮಃ ಶಿವಾಯ ಅನ್ನು" ಎಂದರೆ ತುಟಿ ನಡುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಕೂಸಿಗೆ ಕಲಿಸುವ ಹಾಗೆ ತನಗೆ ಕಲಿಸುವುದು ಆಕೆಗೆ ಸೇರುತ್ತಿರಲಿಲ್ಲವೆಂದು ಕಾಣುತ್ತದೆ. ಕೆಲವು ದಿನಗಳಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಗುರುಸಂಗಪ್ಪನವರು ಊಟ ಕಡಿಮೆ ಮಾಡಿದರು.

ಹೀಗಿರಲು ಒಂದು ದಿನ ಓಣಿಯ ರಾಚವ್ವ ಬಂದು ಮುಕ್ಕಾಲು ಕಿಲೋ ತೊಗರಿಬೇಳೆ ಕೇಳಿದಳು. ಗುರುಸಂಗಪ್ಪನವರ ಮನಸ್ಸು ಎಲ್ಲಿತ್ತೋ. ಒಂದು ಕಿಲೋದ ಕಲ್ಲು ಇಟ್ಟರು. ಆಮೇಲೆ ಅದು ಹೆಚ್ಚಾಯಿತೆಂದು, ಕಾಲು ಕಿಲೋದಷ್ಟು ಕಲ್ಲನ್ನು ಬೇಳೆಯ ತಟ್ಟೆಯಲ್ಲಿ ಇಡಬೇಕೆಂದುಕೊಂಡರು. ಕೈ ತಪ್ಪಿ ಮೊದಲಿನ ಕಲ್ಲಿನ ಜೊತೆಗೇ ಇಟ್ಟರು. ಬೇಳೆ ಸುರಿದರು, ಸುರಿದರು. ನನ್ನ ಮುಳ್ಳು ನೆಟ್ಟಗೆ ನಿಂತಿತು. ನನ್ನ ಮಟ್ಟಿಗೆ ಎಲ್ಲವೂ ಸಮವಾಗಿತ್ತು.

ಕುರ್ಚಿಯ ಕಡೆಯಿಂದ ಒಂದು ಸ್ವರ ಬಂದಿತು.

"ಹೆಚ್ಚ."

ಗುರುಸಂಗಪ್ಪನವರು ತಿರುಗಿ ನೋಡಿದರು. ನೀಲಗಂಗವ್ವನ ಕಣ್ಣು ನನ್ನ ಮೇಲಿತ್ತು, ಎಡಗೈ ಮೇಲೆದ್ದಿತ್ತು. "ಹೆಚ್ಚ," ಎಂದು ಮತ್ತೊಮ್ಮೆ ಹೇಳಿದಳು. ಮುಕ್ಕಾಲು ಕೇಳಿದವಳಿಗೆ ಒಂದೂಕಾಲು ಕಿಲೋ ಹೋಗುವುದರಲ್ಲಿತ್ತು.

ಗುರುಸಂಗಪ್ಪನವರು ನನ್ನ ಸರಪಳಿ ಹಿಡಿದುಕೊಂಡು ಹಾಗೆಯೇ ನಿಂತರು. ಆಮೇಲೆ ಹೆಚ್ಚಾದ ಬೇಳೆಯನ್ನು ಚೀಲಕ್ಕೆ ಮರಳಿ ಸುರಿದರು.

ಅಂದಿನಿಂದ ನನ್ನ ಬಾಳು ಗೊಂದಲಕ್ಕೆ ಬಿದ್ದಿತು. ಎರಡೂ ತಟ್ಟೆಯಲ್ಲಿ ಕಲ್ಲು ಇಡಹೋದದ್ದಕ್ಕೇ ಆಕೆ ಮಾತಾಡಿದಳೆಂದು ಅವರು ತಿಳಿದುಕೊಂಡಿರಬೇಕು. ಅರ್ಧ ಕಿಲೋ ಬೆಲ್ಲಕ್ಕೆ ಅರ್ಧ ಕಿಲೋದ ಕಲ್ಲು ಇಡುವುದನ್ನು ಬಿಟ್ಟರು. ಒಂದು ತಟ್ಟೆಯಲ್ಲಿ ಎರಡು ಕಿಲೋ ಇಡುವರು. ಬೆಲ್ಲದ ತಟ್ಟೆಯಲ್ಲಿ ಒಂದು, ಮತ್ತರ್ಧ ಇಡುವರು. ಆಮೇಲೆ ಸಮವಾಗುವವರೆಗೆ ಬೆಲ್ಲ ಹಾಕುವರು. ಎರಡು ಕಿಲೋ ಸಕ್ಕರೆಗೆ ಆ ಕಡೆ ಐದು, ಈ ಕಡೆ ಎರಡು ಮತ್ತು ಒಂದು. ಕಾಲು ಕಿಲೋ ಸಾಸಿವೆಗಾಗಿ ಇದ್ದ ಕಲ್ಲುಗಳೆಲ್ಲ ಎದ್ದು ಬರುತ್ತಿದ್ದವು. ಕೊನೆಗೆ ಬೆಲ್ಲ ಅರ್ಧ ಕಿಲೋವೇ ಆಗುತ್ತಿತ್ತು. ಹಾಗಿದ್ದರೆ ಈ ಮೆರವಣಿಗೆ ಯಾಕೆ? ನಾನು ಸಣ್ಣ ಭಾರಕ್ಕೆ ದೊಡ್ಡ ಭಾರ ಹೊತ್ತು ಏದುಸಿರು ಬಿಡುತ್ತಿದ್ದೆನು.

ನೀಲಗಂಗವ್ವ ಎಲ್ಲವನ್ನೂ ನೋಡುವಳು. ತೂಕ ಸರಿಯಾದ ಕೂಡಲೇ ಕಣ್ಣು ಮುಚ್ಚಿಕೊಳ್ಳುವಳು. ಒಂದು ಮಾತೂ ಇಲ್ಲ.

ಒಂದು ಮಧ್ಯಾಹ್ನ ರಾಚವ್ವನೇ ಬಂದು ಅರ್ಧ ಕಿಲೋ ಅವಲಕ್ಕಿ ಕೇಳಿದಳು. ಗುರುಸಂಗಪ್ಪನವರು ಎಂದಿನಂತೆ ಕಲ್ಲುಗಳನ್ನು ಜೋಡಿಸಿದರು. ಜೋಡಿಸುತ್ತ ಗಟ್ಟಿಯಾಗಿ ಎಣಿಸಿದರು.

"ಆ ಕಡೆ ಎರಡು. ಈ ಕಡೆ ಒಂದೂವರಿ. ಎರಡರಾಗ ಒಂದೂವರಿ ತಗದ್ರ ಉಳಿದದ್ದು..." ಅವರು ನಿಜವಾಗಿಯೂ ದಾರಿ ತಪ್ಪಿದರು. "ಉಳಿದದ್ದು ಮುಕ್ಕಾಲು."

"ಅ... ಅರ್ಧ," ಎಂದಳು ನೀಲಗಂಗವ್ವ. ಹುಬ್ಬು ಗಂಟಿಕ್ಕಿತ್ತು.

"ಅರ್ಧ ಏನು?"

"ಅರ್ಧ."

"ಅರ್ಧ ಹ್ಯಾಂಗ ಆಗ್ತೈತಿ?"

ಆಕೆ ಸಿಟ್ಟಿನಿಂದ ಎಡಗೈಯನ್ನು ಕುರ್ಚಿಯ ಮೇಲೆ ಬಡಿದಳು. "ಅರ್ಧ. ಅರ್ಧ. ಅರ್ಧ."

ಆ ಮೂರು ಮಾತು ಕೇಳಿ ಗುರುಸಂಗಪ್ಪನವರು ರಾಚವ್ವನಿಗೆ ಅವಲಕ್ಕಿ ಕಟ್ಟಿಕೊಡುವುದನ್ನೇ ಮರೆತರು. ಕಲ್ಲಿನ ಮೆರವಣಿಗೆಯಿಂದಲ್ಲ, ತಮ್ಮ ತಪ್ಪಿನಿಂದ ಆಕೆಯ ನಾಲಿಗೆ ತಿರುಗುತ್ತದೆ ಎಂಬುದು ಅವರಿಗೆ ಆಗ ಹೊಳೆಯಿತು.

ಅಂಗಡಿಯ ಹೊರಗೆ ನಿಂತು ರಾಚವ್ವ ದನಿ ತಗ್ಗಿಸಿ ಹೇಳಿದಳು. "ಕಾಕಾ, ತಿಳೀತಲ್ಲ. ಇನ್ನ ಬೇಕಂತನ ತಪ್ಪು ಹೇಳ್ಕೊಂತ ಹೋಗ್ರಿ. ಹತ್ತು ಕಲ್ಲು ಎತ್ತಿ ಇಳಿಸಿ ಯಾಕ ಸುಸ್ತ ಆಗ್ತೀರಿ?"

"ಅದ ಆಗಂಗಿಲ್ಲ ನೋಡು."

"ಯಾಕ ಆಗಂಗಿಲ್ಲ?"

"ಹಣಿಮ್ಯಾಲೆ ಇದನ್ನ ಹಚ್ಚಿಕೊಂಡು, ತಕ್ಕಡಿ ಮುಂದ ಕುಂತು, ಗೊತ್ತಿದ್ದೂ ಸುಳ್ಳು ಹ್ಯಾಂಗ ಹೇಳ್ಲಿ? ತಪ್ಪು ತಾನ ಬರಬೇಕು."

"ತಾನ ಬರಲಿಲ್ಲಂದ್ರ?"

"ಬರೂವಂಗ ಲೆಕ್ಕಾನ ಸುತ್ತಿಸ್ತೀನಿ. ನನ್ನ ತಲಿ ನಿನಗ ಗೊತ್ತಿಲ್ಲೇನು, ಎರಡು ಸುತ್ತಿಗೆ ದಾರಿ ತಪ್ಪತೈತಿ."

ರಾಚವ್ವ ಸೆರಗು ಬಾಯಿಗೆ ಇಟ್ಟು ನಕ್ಕಳು. ನಾನು ಮಾತ್ರ ಇನ್ನೂ ಗೊಂದಲಕ್ಕೆ ಬಿದ್ದೆನು. ಇಷ್ಟು ದಿನ ತಪ್ಪಬಾರದೆಂದು ದೇವರನ್ನು ಬೇಡಿಕೊಳ್ಳುತ್ತಿದ್ದ ಮನುಷ್ಯ ಈಗ ತಪ್ಪು ಬರಲಿ ಎಂದು ಬೇಡಿಕೊಳ್ಳುತ್ತಿದ್ದನು.

ಆಮೇಲೆ ಆ ಅಂಗಡಿಯಲ್ಲಿ ನೆಟ್ಟಗಿನ ಲೆಕ್ಕ ಎಂಬುದೇ ಉಳಿಯಲಿಲ್ಲ. ನಾಲ್ಕು ಸಾಬೂನು ಕೇಳಿದವರ ಮುಂದೆ ಒಂದು ಡಜನ್ ಇಡುವರು. ಅದನ್ನು ಅರ್ಧ ಮಾಡುವರು, ಮತ್ತೆ ಅರ್ಧ ಮಾಡುವರು, ಅದಕ್ಕೊಂದು ಕೂಡಿಸುವರು. ಮೂರು ತೆಂಗಿನಕಾಯಿ ಬೇಕಾದವನು ಐದು ಹೊತ್ತುಕೊಂಡು ಬಾಗಿಲ ತನಕ ಹೋಗಿ, ಎರಡು ಮರಳಿ ತಂದುಕೊಡಬೇಕು. ಎರಡು ಮತ್ತು ಎರಡು ಕೂಡಿಸುವುದಕ್ಕೆ ಮೊದಲು ಒಂದೊಂದು ಎರಡನ್ನೂ ಹತ್ತರಿಂದ ಗುಣಿಸಿ, ಬಂದದ್ದನ್ನು ಕೂಡಿಸಿ, ಆಮೇಲೆ ಹತ್ತರಿಂದ ಭಾಗಿಸುವರು. ನಡುವೆ ಎಲ್ಲಿಯೋ ಸಿಕ್ಕಿಕೊಂಡು, "ನಾನ್ನೂರು ಬಂತಲ್ಲ," ಎಂದು ಗಾಬರಿಯಿಂದ ನೋಡುವರು. ಅದು ನಟನೆಯಲ್ಲ, ಅವರಿಗೆ ನಿಜವಾಗಿಯೂ ನಾನ್ನೂರೇ ಬಂದಿರುತ್ತಿತ್ತು.

"ನಾ... ನಾಕು," ಎನ್ನುವಳು ನೀಲಗಂಗವ್ವ.

"ನಾಕ? ಇಷ್ಟ ದೂರ ಹೋಗಿ ಬಂದು ಬರೇ ನಾಕ?"

"ನಾಕು. ಹು... ಹುಚ್ಚಪ್ಪ."

ಹುಚ್ಚಪ್ಪ ಎಂಬುದು ಹೊಸ ಮಾತು. ಅಂದು ಗುರುಸಂಗಪ್ಪನವರು ಸಂಜೆಯ ಪೂಜೆಗೆ ಹೆಚ್ಚಾಗಿ ಎರಡು ಬಿಲ್ವಪತ್ರೆ ಏರಿಸಿದರು. ಬಾಯಿಲೆಕ್ಕ ಎಷ್ಟೇ ತಪ್ಪಿದರೂ ನನ್ನ ತಟ್ಟೆಯ ತೂಕ ಒಮ್ಮೆಯೂ ತಪ್ಪಲಿಲ್ಲ. ಮುಳ್ಳು ನೆಟ್ಟಗೆ ನಿಲ್ಲದೆ ಅವರು ಸಾಮಾನು ಕಟ್ಟುತ್ತಿರಲಿಲ್ಲ.

ಆದರೆ ಮಂದಿಗೆ ಇದೆಲ್ಲ ಹೇಗೆ ತಿಳಿಯಬೇಕು? ಓಣಿಯವರು ತಾಳಿಕೊಂಡರು. ಹೊಸಬರು ಸಂಶಯಪಟ್ಟರು. ಸಾಮಾನಿನ ತಟ್ಟೆಯಲ್ಲಿ ಕಲ್ಲು ಇಡುವವನು ಏನೋ ಮೋಸ ಮಾಡುತ್ತಾನೆಂದು ಯಾರೋ ದೂರು ಕೊಟ್ಟರು. ತೂಕ ಅಳತೆಯ ಸಾಹೇಬರು ಒಂದು ದಿನ ತಮ್ಮ ಹಿತ್ತಾಳೆಯ ಕಲ್ಲುಗಳ ಪೆಟ್ಟಿಗೆಯೊಂದಿಗೆ ಬಂದರು.

ಅವರು ನನ್ನನ್ನು ಬರಿದಾಗಿ ಎತ್ತಿ ನೋಡಿದರು. ಭಾರ ಇಟ್ಟು ನೋಡಿದರು. ತಟ್ಟೆಗಳನ್ನು ಅದಲು ಬದಲು ಮಾಡಿ ನೋಡಿದರು. ನನಗೆ ಹೆದರಿಕೆಯಾಗಿತ್ತು. ಇಷ್ಟು ದಿನ ತಲೆಕೆಳಗಾಗಿ ತೂಗಿ ತೂಗಿ ನನಗೇ ನನ್ನ ಮೇಲೆ ನಂಬಿಕೆ ಉಳಿದಿರಲಿಲ್ಲ.

"ತಕ್ಕಡಿ ಸರಿ ಐತಿ," ಎಂದರು ಸಾಹೇಬರು. "ಕಲ್ಲೂ ಸರಿ ಅದಾವ. ಆದ್ರ ಸಾಹುಕಾರ್ರ, ಸಾಮಾನಿನ ಜೋಡಿ ಕಲ್ಲು ಯಾಕ ಇಡ್ತೀರಿ?"

ಗುರುಸಂಗಪ್ಪನವರು ಕಲ್ಲುಗಳನ್ನು ಸಾಲಾಗಿ ಜೋಡಿಸತೊಡಗಿದರು.

"ಕೇಳಿದ್ದಕ್ಕ ಉತ್ತರಾ ಕೊಡ್ರಿ. ಅರ್ಧ ಕಿಲೋಕ್ಕ ಅರ್ಧ ಕಿಲೋದ ಕಲ್ಲು ನಿಮ್ಮ ಹಂತ್ಯಾಕ ಐತೋ ಇಲ್ಲೋ?"

"ಐತ್ರಿ."

"ಮತ್ತ?"

ಅವರು ಕುರ್ಚಿಯ ಕಡೆಗೆ ನೋಡಲಿಲ್ಲ. ನೋಡಬಾರದೆಂದು ಕತ್ತನ್ನು ಬಿಗಿಹಿಡಿದಿದ್ದು ನನಗೆ ಕಂಡಿತು. ಇವಳ ನಾಲಿಗೆಗಾಗಿ ಎಂದು ಬಾಗಿಲಲ್ಲಿ ಸೇರಿದ್ದ ಮಂದಿಯೆದುರು ಹೇಳಿದರೆ ಆಕೆ ನಾಚಿ ಮತ್ತೆ ಬಾಯಿ ಮುಚ್ಚಿಕೊಂಡಾಳೆಂಬ ಭಯ. ಹೇಳದಿದ್ದರೆ ಅಂಗಡಿಯ ಪರವಾನಗಿಗೆ ಕುತ್ತು.

"ನೀವು ಹೇಳದಿದ್ರ ನಾನು ಬರದು ಮ್ಯಾಲೆ ಕಳಸಬೇಕಾಗ್ತೈತಿ. ಅಲ್ಲೀತನಕ ಅಂಗಡಿ ಮುಚ್ಚಬೇಕು."

"ಹಂಗ ಆಗ್ಲಿ ಬಿಡ್ರಿ," ಎಂದರು ಗುರುಸಂಗಪ್ಪನವರು.

ಆಗ ಕುರ್ಚಿ ಕಿರುಗುಟ್ಟಿತು. ನೀಲಗಂಗವ್ವ ಎಡಗೈಯಿಂದ ಕಂಬ ಹಿಡಿದು ಎದ್ದು ನಿಂತಿದ್ದಳು.

"ಸಾ... ಸಾಹೇಬ್ರ."

ಎಲ್ಲರೂ ತಿರುಗಿದರು.

"ಇವರು... ನನ್ನ ಸಲುವಾಗಿ... ತಪ್ಪತಾರ." ಉಸಿರು ತೆಗೆದುಕೊಂಡಳು. "ನಾ ಮಾತಾಡ್ಲಿ ಅಂತ. ನನಗ... ಗೊತ್ತೈತಿ. ತೂಕ... ತೂಕ ತಪ್ಪಿಲ್ಲ."

ಗುರುಸಂಗಪ್ಪನವರು ಬಾಯಿ ತೆರೆದು ನಿಂತರು. "ನಿನಗ ಗೊತ್ತಿತ್ತೇನು?"

"ಮೊದ್ಲ ದಿನದಿಂದ."

"ಮತ್ತ ಸುಮ್ನ ಯಾಕ ಕುಂತಿ?"

"ನೀವು... ತಪ್ಪೂದು... ನೋಡಾಕ ಚಂದ."

ಸಾಹೇಬರು ಪೆಟ್ಟಿಗೆ ಮುಚ್ಚಿದರು. ಆಮೇಲೆ, "ಹಂಗಾರ ತೂಗೂದು ನೆಟ್ಟಗ ತೂಗ್ರಿ," ಎಂದರು. "ಲೆಕ್ಕಾ ಬೇಕಾದಷ್ಟು ಸುತ್ತಿಸ್ರಿ. ಬಾಯಿಲೆಕ್ಕಕ್ಕ ನಮ್ಮಲ್ಲಿ ಕಾಯ್ದೆ ಇಲ್ಲ."

ಮರುದಿನದಿಂದ ಒಂದು ತಟ್ಟೆಯಲ್ಲಿ ಕಲ್ಲು, ಒಂದು ತಟ್ಟೆಯಲ್ಲಿ ಸಾಮಾನು. ನನಗೆ ಹಾಯೆನಿಸಿತು. ಸುತ್ತಾಟವೆಲ್ಲ ಅವರ ಬಾಯಿಗೆ ಹೋಯಿತು.

ನೀಲಗಂಗವ್ವನ ಮಾತು ನಿಧಾನವಾಗಿ ಮರಳಿತು, ಆದರೆ ಮೊದಲಿನಂತೆ ಅಲ್ಲ. ಕೆಲವು ಅಂಕಿಗಳ ಹೆಸರು ಆಕೆಯ ನಾಲಿಗೆಗೆ ಸಿಗಲೇ ಇಲ್ಲ. ಎಂಟು ಎನ್ನಬೇಕಾದರೆ, "ಹತ್ತು... ಎರಡು ಕಡಿಮಿ," ಎನ್ನುವಳು. ಏಳಕ್ಕೆ, "ಐದು, ಮ್ಯಾಲ ಎರಡು." ಗಂಡ ಆಟವೆಂದು ತೋಡಿದ್ದ ಸುತ್ತುದಾರಿಯೇ ಆಕೆಗೆ ಇದ್ದೊಂದು ದಾರಿಯಾಯಿತು. ಎಷ್ಟೋ ಸಲ ಅರ್ಧಕ್ಕೆ ನಿಂತುಬಿಡುವಳು. "ಇಪ್ಪತ್ತಕ್ಕ..." ಎಂದು ಗಂಡನ ಕಡೆ ನೋಡುವಳು. "ಎರಡು ಕಡಿಮಿ?" ಎನ್ನುವರು ಅವರು. ಅಲ್ಲವೆಂದು ತಲೆಯಾಡಿಸುವಳು. "ಮೂರು?" "ಹ್ಞಾ." ಹದಿನೇಳು ಎಂಬ ಒಂದು ಮಾತನ್ನು ಇಬ್ಬರೂ ಸೇರಿ ಹೊತ್ತು ತರುತ್ತಿದ್ದರು. ಕೇಳುವವರಿಗೆ ತಲೆ ತಿರುಗುತ್ತಿತ್ತು. ನನಗೆ ಯಾವಾಗಲೂ ತಿರುಗಿಯೇ ಇತ್ತು.

ವಯಸ್ಸಾದ ಮೇಲೆ ಅಂಗಡಿಯನ್ನು ಗುರುಸಂಗಪ್ಪನವರ ತಮ್ಮನ ಮಗ ನೋಡಿಕೊಂಡನು. ಒಳ್ಳೆಯ ಹುಡುಗ, ದೊಡ್ಡಪ್ಪ ದೊಡ್ಡವ್ವರನ್ನು ಚೆನ್ನಾಗಿ ಇಟ್ಟುಕೊಂಡನು. ಅವನು ಕರೆಂಟಿನ ಕಾಟಾ ತಂದನು. ಅದಕ್ಕೆ ಒಂದೇ ತಟ್ಟೆ. ಕಲ್ಲು ಬೇಕಿಲ್ಲ, ಎದುರು ಬೇಕಿಲ್ಲ. ಸಾಮಾನು ಇಟ್ಟ ಕೂಡಲೇ ಕೆಂಪು ಅಂಕಿ ಹೊಳೆಯುತ್ತದೆ. ಒಂದೇ ತಟ್ಟೆಯಿಂದ ಸಮ ಹೇಗೆ ತಿಳಿಯುತ್ತದೋ ನಾನರಿಯೆ. ನನ್ನನ್ನು ಗುಜರಿಗೆ ಹಾಕುವ ಮಾತು ಬಂದಾಗ ಗುರುಸಂಗಪ್ಪನವರು ತಾವೇ ಹೊತ್ತುಕೊಂಡು ಮಠಕ್ಕೆ ತಂದು, ದಾಸೋಹದ ಅಕ್ಕಿ ತೂಗಲು ಇರಲಿ ಎಂದು ಕೊಟ್ಟರು. ಆಗ ಸಿದ್ಧಲಿಂಗಯ್ಯನವರೇ ನನ್ನನ್ನು ಈ ಕೊಕ್ಕೆಗೆ ತೂಗುಹಾಕಿದರು.

ಅವರು ಹೋದ ಸುದ್ದಿ ಬಂದ ಮೇಲೆ ಕೆಲವು ದಿನ ಕಳೆದು ಶಿವಗಣಾರಾಧನೆ ಮಠದಲ್ಲಿಯೇ ನಡೆಯಿತು. ಅಗಲಿದವರ ಹೆಸರಿನಲ್ಲಿ ಊರಿಗೆಲ್ಲ ಊಟ. ಬೆಳಗಿನಿಂದ ನಾನು ಅಕ್ಕಿ, ಬೆಲ್ಲ, ಬೇಳೆ ತೂಗುತ್ತಲೇ ಇದ್ದೆನು. ಹೊತ್ತು ಏರಿದಾಗ ನೀಲಗಂಗವ್ವ ಕೋಲೂರಿಕೊಂಡು ಉಗ್ರಾಣಕ್ಕೆ ಬಂದಳು. ಕಾಶವ್ವ ಗೋಣಿ ಚೀಲ ಮಡಚಿ ಹಾಸಿ ಕೂಡಿಸಿದಳು.

ಸಿದ್ಧಲಿಂಗಯ್ಯನವರು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು. "ಅವ್ವಾರ, ಅಜ್ಜಾವರು ಆಶೀರ್ವಚನದಾಗ ಹೇಳಬೇಕಂತ. ಗುರುಸಂಗಪ್ಪನವರಿಗೆ ವಯಸ್ಸು ಎಷ್ಟಾಗಿತ್ತು?" ಅಜ್ಜಾವರೆಂದರೆ ಮಠದ ಸ್ವಾಮಿಗಳು.

"ಎಂಬತ್ತಕ್ಕ..." ಎಂದಳು ನೀಲಗಂಗವ್ವ.

ಹಾಗೆಂದು ತನ್ನ ಪಕ್ಕಕ್ಕೆ ತಿರುಗಿ ನೋಡಿದಳು. ಪಕ್ಕದಲ್ಲಿ ಬೆಲ್ಲದ ಪೆಂಟಿ ಇದ್ದಿತು. ತಿರುಗಿದ ಮುಖ ಹಾಗೆಯೇ ನಿಂತಿತು. ತುಟಿ ಆಡುತ್ತಿತ್ತು, ಮಾತು ಬರಲಿಲ್ಲ. ಮೊದಲ ಸಲ ಮಾತು ಕಳೆದುಕೊಂಡು ಬಂದಾಗ ಆಕೆಯ ಮುಖ ಹೀಗೆಯೇ ಇತ್ತು. ಇನ್ನು ಈ ಬಾಯಿ ತೆರೆಯುವುದಿಲ್ಲವೆಂದು ನನಗೆ ಭಯವಾಯಿತು. ಈಗ ಯಾರು ತಪ್ಪಬೇಕು, ಯಾರಿಗೆ ಸಿಟ್ಟು ಬರಬೇಕು?

ಸಿದ್ಧಲಿಂಗಯ್ಯನವರು, "ಇರಲಿ ಬಿಡ್ರಿ ಅವ್ವಾರ, ತಮ್ಮನ ಮಗನ್ನ ಕೇಳ್ತೀನಿ," ಎಂದು ತಿರುಗಿದರು.

"ತಡೀರಿ ಅಯ್ಯನವರ," ಎಂದಳು ಕಾಶವ್ವ. ಕೈಯಲ್ಲಿದ್ದ ಅಕ್ಕಿಯ ಪುಟ್ಟಿಯನ್ನು ಕೆಳಗಿಟ್ಟು ಆಕೆಯ ಎದುರಿಗೆ ಕುಳಿತಳು. ಅವಳಿಗೆ ಇದೆಲ್ಲ ಏನೂ ಗೊತ್ತಿರಲಿಲ್ಲ. ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. "ಎಂಬತ್ತಕ್ಕ ಏನ್ರಿ ಯವ್ವಾ? ಹೆಚ್ಚೋ, ಕಡಿಮಿಯೋ?"

ನೀಲಗಂಗವ್ವ ಮುಖ ಇತ್ತ ತಿರುಗಿಸಿದಳು.

"ಕ... ಕಡಿಮಿ."

"ಒಂದು ಕಡಿಮಿ ಏನ್ರಿ?"

ಅಲ್ಲವೆಂದು ತಲೆಯಾಡಿಸಿದಳು.

"ಹತ್ತು ಕಡಿಮಿ?"

"ಅಷ್ಟ ಯಾಕ," ಎಂದಳು ನೀಲಗಂಗವ್ವ. ಹುಬ್ಬು ಗಂಟಿಕ್ಕಿತು. "ಅಷ್ಟ... ಸಣ್ಣವರೇನು?"

"ನನಗ ಹ್ಯಾಂಗ ಗೊತ್ತಾಗ್ಬೇಕ್ರಿ, ನಾ ಸಾಲಿಗೆ ಹೋದಾಕಿ ಅಲ್ಲ. ನೀವ ಹೇಳ್ರಿ. ಎರಡು? ಮೂರು?"

"ಮೂರು," ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಾಶವ್ವ ಎದ್ದು ಹೋಗದೆ ಅಲ್ಲಿಯೇ ಕುಳಿತಳು. ಹೊರಗೆ ಎಸರು ಕುದಿಯುತ್ತಿತ್ತು. ಅಕ್ಕಿಗಾಗಿ ಕರೆದರು, ಅವಳು ಓಗೊಡಲಿಲ್ಲ.

ನನಗೆ ಮುಪ್ಪು ಬಂದಿದೆ. ದಂಡದ ಮೇಲಿನ ಮುದ್ರೆ ಸವೆದಿದೆ. ಒಬ್ಬ ಮನುಷ್ಯನ ತಪ್ಪು ಇನ್ನೊಬ್ಬರಿಗೆ ಮಾತಾಗುವುದು ಯಾವ ಲೆಕ್ಕ ಎಂಬುದು ನನಗೆ ಇಂದಿಗೂ ತಿಳಿಯದು. ಎಂಬತ್ತಕ್ಕೆ ಮೂರು ಕಡಿಮೆ ಎಂದರೆ ಎಷ್ಟು, ಅದೂ ತಿಳಿಯದು. ಅಷ್ಟು ವರ್ಷ ಒಬ್ಬರು ಈ ಭೂಮಿಯ ಮೇಲೆ ಇದ್ದರು, ಅದರಲ್ಲಿ ಬಹುಪಾಲು ನನ್ನ ಸರಪಳಿ ಅವರ ಕೈಯಲ್ಲಿತ್ತು, ಅಷ್ಟು ಬಲ್ಲೆನು.

ಹೇ ಪರಮೇಶ್ವರಾ, ಗುರುಸಂಗಪ್ಪನವರು ನಿನ್ನ ಸನ್ನಿಧಿಗೆ ಬಂದಿದ್ದಾರೆ. ನೀನು ಏನಾದರೂ ಲೆಕ್ಕ ಕೇಳಿದರೆ ಅವರು ನಿಧಾನವಾಗಿ ಹೇಳುವರು, ನಡುವೆ ದಾರಿ ತಪ್ಪುವರು, ಅವಸರ ಮಾಡಬೇಡ. ಅವರನ್ನು ನಿನ್ನ ಪಾದದ ಬಳಿ ಇರಿಸಿಕೋ. ಅವರ ಆತ್ಮಕ್ಕೆ ಶಾಂತಿಯನ್ನು ಕೊಡು. ಓಂ ನಮಃ ಶಿವಾಯ.